ತ್ರಿಕೋನದ ಹಸಿರು ಬಾವುಟ

ಆ ರೈಲನ್ನು ದಿನಾ ಯಾಕೆ ತಿರುಗಿಸುತ್ತಾರೆ ಎಂದು ಕೇಳಿದರೆ ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ತಲೆಗೊಂದು ಉತ್ತರ ಸಿಗುತ್ತಿತ್ತು. ಒಂದೇ ಮಗ್ಗುಲಿಗೆ ಬಿಸಿಲು ಬಡಿದರೆ ಡಬ್ಬಿಗಳ ಬಣ್ಣ ಹಾರಿಹೋಗುತ್ತದೆ ಎಂದು ಬಣ್ಣ ಬಳಿಯುವವರು ಹೇಳುತ್ತಿದ್ದರು. ಒಂದೇ ಕಡೆಯ ಗಾಲಿ ಸವೆಯುತ್ತದೆ ಎಂದು ಫಿಟ್ಟರುಗಳು. ಹೆಂಗಸರ ಡಬ್ಬಿ ಸ್ಟೇಶನ್ನಿನ ಗೇಟಿನ ಎದುರಿಗೇ ಬಂದು ನಿಲ್ಲಬೇಡವೇ ಎಂದು ಹೆಂಗಸರು. ಯಾರದು ಖರೆ ಎಂದು ತಿಳಿದವರು ಬಹುಶಃ ಬೊಂಬಾಯಿಯಲ್ಲಿದ್ದರು. ಇಲ್ಲಿದ್ದವರಿಗೆ ಗೊತ್ತಿದ್ದದ್ದು ಇಷ್ಟೇ: ಎಂಜಿನ್ನೊಂದನ್ನೇ ತಿರುಗಿಸುವುದಾದರೆ ಸುತ್ತುವ ಕಟ್ಟೆಯ ಮೇಲೆ ನಿಲ್ಲಿಸಿ ನಾಲ್ಕು ಜನ ದೂಡಿದರೆ ಆಯಿತು, ಹನ್ನೆರಡು ಡಬ್ಬಿಯ ಇಡೀ ರೈಲಿನ ಮುಖ ತಿರುಗಿಸಬೇಕೆಂದರೆ ಹಳಿಗಳ ತ್ರಿಕೋನವೇ ಬೇಕು.

ತ್ರಿಕೋನವಿದ್ದದ್ದು ಊರಾಚೆ, ಕನ್ಹಾನ್ ಕಡೆಗೆ ಹೋಗುವ ದಾರಿಯ ಒಂದು ಬಯಲಿನಲ್ಲಿ. ಬೆಳಿಗ್ಗೆ ಜನರನ್ನು ಇಳಿಸಿ ಖಾಲಿಯಾದ ರೈಲು ಪೂರ್ವದ ತೋಳಿನ ಮೇಲೆ ಎಂಜಿನ್ ಮುಂದಾಗಿ ಹೋಗಿ ತುದಿಯಲ್ಲಿ ನಿಲ್ಲುತ್ತಿತ್ತು. ಹಳಿ ಬದಲಿಸಿದ ಮೇಲೆ ಪಶ್ಚಿಮದ ತೋಳಿನ ಮೇಲೆ ಬಾಲ ಮುಂದಾಗಿ ಹಿಂದಕ್ಕೆ ಬರುತ್ತಿತ್ತು. ಅಷ್ಟಾದರೆ ಹೋಗುವಾಗ ಎತ್ತ ಮುಖವಿತ್ತೋ ಈಗ ಅತ್ತ ಬೆನ್ನು. ನೋಡುವವರಿಗೆ ಮಕ್ಕಳಾಟ.

ಆದರೆ ಹಿಂದಕ್ಕೆ ಬರುವ ರೈಲಿಗೆ ಮುಂದೆ ಎಂಜಿನ್ ಇರುವುದಿಲ್ಲ. ಹೊಗೆ, ಉಗಿ, ಆರ್ಭಟ ಎಲ್ಲ ಹನ್ನೆರಡು ಡಬ್ಬಿಯಾಚೆ. ಇತ್ತ ಬರುವುದು ಬರೀ ಒಂದು ಮರದ ಗೋಡೆ, ಕೆಳಗೆ ಎರಡು ಬಫರು. ಸದ್ದು ದೂರದಲ್ಲಿರುತ್ತದೆ, ರೈಲು ಹತ್ತಿರದಲ್ಲಿರುತ್ತದೆ. ಆ ತುದಿಯ ಮೆಟ್ಟಿಲ ಮೇಲೆ ನಿಂತು ದಾರಿ ನೋಡುವ ಕೆಲಸ ಗಾರ್ಡ್ ಉಮಾಪತಿಯದು. ಹಳಿ ಖಾಲಿ ಇದ್ದರೆ ಹಸಿರು ಬಾವುಟ, ಏನಾದರೂ ಕಂಡರೆ ಕೆಂಪು. ತಿರುವಿಗೆ ಅಡ್ಡವಾಗಿ ಒಂದು ಹಳೆಯ ಗೋದಾಮು ಇದ್ದುದರಿಂದ ಅವನ ಬಾವುಟ ಡ್ರೈವರಿಗೆ ಕಾಣುತ್ತಿರಲಿಲ್ಲ. ಅದಕ್ಕೇ ನಡುವೆ ಇಬ್ಬರಿಗೂ ಕಾಣುವ ದಿಬ್ಬದ ಮೇಲೆ ಇನ್ನೊಬ್ಬ ನಿಂತು, ಗಾರ್ಡ್ ತೋರಿಸಿದ್ದನ್ನೇ ಡ್ರೈವರಿಗೆ ತೋರಿಸಬೇಕು. ಆ ಇನ್ನೊಬ್ಬ ಬಸವಂತ. ಖಾಲಿ ರೈಲಿಗೆ ಬ್ರೇಕಿನ ಪೈಪು ಜೋಡಿಸುವ ಗೋಜಿಗೆ ಆ ಯಾರ್ಡಿನಲ್ಲಿ ಯಾರೂ ಹೋಗುತ್ತಿರಲಿಲ್ಲ, ಡಬ್ಬಿಯೊಳಗಿನ ಸರಪಳಿ ಎಳೆದರೂ ಗಾಡಿ ನಿಲ್ಲುವಂತಿರಲಿಲ್ಲ. ನಿಲ್ಲಿಸುವವನು ಡ್ರೈವರ್ ಒಬ್ಬನೇ, ಅವನಿಗೆ ಹೇಳುವವನು ಬಸವಂತ ಒಬ್ಬನೇ.

ಉಮಾಪತಿ ಗದಗಿನವನು. ಏಳು ವರ್ಷದ ಹಿಂದೆ ವರ್ಗವಾಗಿ ನಾಗಪುರಕ್ಕೆ ಬಂದಾಗ ಅವನಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ಕೈಯಲ್ಲಿ ಒಂದು ಟ್ರಂಕು, ಹೊಟ್ಟೆಯಲ್ಲಿ ಹಸಿವು. ಪ್ಲಾಟ್‌ಫಾರ್ಮಿನ ಮೇಲೆ ಅವನು ತನ್ನಷ್ಟಕ್ಕೆ ಗೊಣಗಿದ ಎರಡು ಮಾತು ಕೇಳಿ, "ಯಾವೂರ್ರಿ ನಿಮ್ದು?" ಎಂದು ತಡೆದು ನಿಲ್ಲಿಸಿದವನೇ ನರಗುಂದದ ಬಸವಂತ. ಅವತ್ತಿನಿಂದ ಮೂರು ತಿಂಗಳು ಬಸವಂತನ ಹೆಂಡತಿ ಲಕ್ಷ್ಮವ್ವ ಅವನಿಗೆ ಜೋಳದ ರೊಟ್ಟಿ ಬಡಿದು ಹಾಕಿದಳು. ಆ ಊರಿನಲ್ಲಿ ಆಗ ಗದಗಿನ ಕಡೆಯ ಬಿಳಿಜೋಳ ಸಿಗುವುದೇ ಕಷ್ಟ. ಎಲ್ಲಿಂದ ತರುತ್ತಿದ್ದಳೋ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಸವಂತ ಮನೆಯಲ್ಲಿ ಅವನನ್ನು "ತಮ್ಮಾ" ಎನ್ನುತ್ತಿದ್ದ, ಯಾರ್ಡಿನಲ್ಲಿ ಮಾತ್ರ "ಗಾರ್ಡ್‌ಸಾಹೇಬ್ರ". ಈಗ ಲಕ್ಷ್ಮವ್ವನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದಿತ್ತು. ಬಸವಂತನ ರಿಟೈರಿಗೆ ಒಂದು ವರ್ಷವಿತ್ತು.

ಸಂಕ್ರಾಂತಿ ಕಳೆದ ಮರುದಿನ ಉಮಾಪತಿಗೆ ಒಂದು ಸಂಗತಿ ಕಂಡಿತು. ಹಿಂದಕ್ಕೆ ಬರುವ ರೈಲಿನ ಮೆಟ್ಟಿಲ ಮೇಲೆ ನಿಂತಿದ್ದ ಅವನೇ ಹಸಿರಿನ ಬದಲು ಅಪ್ಪಿತಪ್ಪಿ ಕೆಂಪು ಬಾವುಟ ಬಿಚ್ಚಿ ಹಿಡಿದಿದ್ದ. ಅರಿವಾಗಿ ಮಡಚುವಷ್ಟರಲ್ಲಿ ಅರ್ಧ ನಿಮಿಷವಾದರೂ ಆಗಿತ್ತು. ದಿಬ್ಬದ ಮೇಲೆ ಬಸವಂತ ಹಸಿರನ್ನೇ ತೋರಿಸುತ್ತಿದ್ದ. ರೈಲು ಬರುತ್ತಲೇ ಇತ್ತು.

ಬಸವಂತನ ಗಮನ ಎಲ್ಲೋ ಇದ್ದೀತು ಎಂದುಕೊಂಡ. ಆದರೂ ಹುಳ ಹೊಕ್ಕಿತು. ಮರುದಿನ ಅವನು ಯಾವ ಬಾವುಟವನ್ನೂ ಹಿಡಿಯಲಿಲ್ಲ. ಎರಡೂ ಕೈ ಕಟ್ಟಿ ಮೆಟ್ಟಿಲ ಮೇಲೆ ಸುಮ್ಮನೆ ನಿಂತ. ದಿಬ್ಬದ ಮೇಲೆ ಹಸಿರು ಬಾವುಟ ಎದ್ದಿತು, ಅಲುಗದೆ ನಿಂತಿತು, ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಇಳಿದು ಕೆಂಪು ಎದ್ದಿತು. ಎಲ್ಲ ಬರೋಬರ್. ಆದರೆ ಇಡೀ ರೈಲು ಯಾರೂ ನೋಡದೆ ಹಿಂದಕ್ಕೆ ಬಂದಿತ್ತು.

ಅಂದು ಸಂಜೆ ಬಸವಂತನ ಕ್ವಾರ್ಟರ್ಸಿಗೆ ಹೋಗಿ ಕಣ್ಣಿನ ವಿಷಯ ಕೇಳಿದ. ಬಸವಂತ ಮೊದಲು ನಕ್ಕ, ಆಮೇಲೆ ಬಾಗಿಲು ಮುಂದೆ ಮಾಡಿದ.

"ಪೂರಾ ಕತ್ತಲಿ ಇಲ್ಲ ತಮ್ಮಾ. ಮಂಜು ಕವಿದಂಗ ಐತಿ. ನೀ ಕುಂತದ್ದು ಗೊತ್ತಾಗ್ತೈತಿ, ನಿನ್ನ ಮಾರಿ ಕಾಣೂದಿಲ್ಲ."

"ಮತ್ತ ಝೇಂಡಾ ಹೆಂಗ ತೋರಸ್ತೀರಿ?"

"ಎಣಸ್ತೇನಿ. ಹಳಿ ಕೂಡಿದಲ್ಲಿ ಗಾಲಿ ಟಕ್ ಅಂತಾವ ನೋಡು, ಅದನ್ನ. ಎಷ್ಟ ಸಪ್ಪಳಕ್ಕ ಎಲ್ಲಿ ಮುಟ್ಟತೈತಿ ಅಂತ ನನಗ ಬಾಯಿಪಾಠ. ಕ್ಯಾಬಿನ್ನಿಂದ ದಿಬ್ಬಕ್ಕ ಎಪ್ಪತ್ತೆರಡು ಹೆಜ್ಜಿ, ಅದೂ ಪಾಠ. ಹಸಿರ ಕೋಲಿಗೆ ಇಕಿ ದಾರಾ ಸುತ್ತಿ ಕೊಟ್ಟಾಳ."

ಮಂಚದ ಮೇಲಿದ್ದ ಲಕ್ಷ್ಮವ್ವ ಮುಖ ಆಚೆ ತಿರುಗಿಸಿದಳು. ಒಂದು ಕೈ ಮತ್ತು ಹಲ್ಲಿನಿಂದ ಬಿಗಿದ ಗಂಟದು. ಉಮಾಪತಿ ಅದನ್ನು ಮುಟ್ಟಿ ನೋಡಿದ.

"ಕೂಸು ಬಂದ್ರ? ದನಾ ಬಂದ್ರ? ಎಂಜಿನ್ ಬೂದ್ಯಾಗ ಇದ್ದಲಿ ಆಯೂ ಹೆಣ್ಮಕ್ಕಳು ದಿನಾ ಹಳಿ ದಾಟತಾರ ಅಣ್ಣಾ. ನಾ ಕೆಂಪು ತೋರಿಸಿದ್ರ ನಿಮಗ ಕಾಣಂಗಿಲ್ಲ."

"ಒಂದ ವರ್ಷ. ಕಣ್ಣು ಹ್ವಾದುವು ಅಂತ ಗೊತ್ತಾದ್ರ ನಾಳೆನ ಕೆಲಸದಿಂದ ತಗೀತಾರ, ಮುಂದಿನ ತಿಂಗಳು ಈ ಖೋಲಿ ಖಾಲಿ ಮಾಡು ಅಂತಾರ. ಇಕಿನ್ನ ಎಲ್ಲಿ ಹೊತಗೊಂಡು ಹೋಗ್ಲಿ ಹೇಳು."

ಉಮಾಪತಿ ಕೆಟ್ಟವನಲ್ಲ, ಹೆಡ್ಡನೂ ಅಲ್ಲ. ತನ್ನವರೆಂಬುವವರ ಮುಂದೆ ಕಟುವಾಗಿ ನಿಲ್ಲಲು ಬಾರದವನು, ಅಷ್ಟೇ. ಪರವೂರಿನಲ್ಲಿ ಒಂದೇ ನುಡಿಯಾಡುವ ಎರಡು ಮನೆಗಳ ನಡುವೆ ಬೆಳೆಯುವ ಋಣವೇ ಬೇರೆ. ಅದನ್ನು ಯಾವ ರೂಲ್ ಪುಸ್ತಕವೂ ಒಪ್ಪುವುದಿಲ್ಲ, ಯಾವ ಮನುಷ್ಯನೂ ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ಆ ಸಂಜೆ ಇಬ್ಬರೂ ಕೂತು ಒಂದು ಕರಾರು ಮಾಡಿಕೊಂಡರು. ಬಾವುಟದ ಜೊತೆಗೆ ಉಮಾಪತಿ ಸೀಟಿ ಊದಬೇಕು. ಒಂದು ಉದ್ದ ಸೀಟಿಗೆ ಹಸಿರು, ಬರಲಿ ಎಂದು. ಮೂರು ತುಂಡು ಸೀಟಿಗೆ ಕೆಂಪು, ನಿಲ್ಲಲಿ ಎಂದು. ಎಂಜಿನ್ನಿನ ಗದ್ದಲದಲ್ಲಿ ಡ್ರೈವರಿಗೆ ಸೀಟಿ ಕೇಳದಿದ್ದರೂ ಬಸವಂತನ ಕಿವಿಗೆ ಕೇಳುತ್ತಿತ್ತು. ಆ ಕಿವಿಗೆ ಎಲ್ಲವೂ ಕೇಳುತ್ತಿತ್ತು.

ನಾಲ್ಕು ತಿಂಗಳು ಹಾಗೇ ನಡೆಯಿತು. ನಡೆಯಿತು ಎನ್ನುವುದು ಯಾರ್ಡಿನ ಲೆಕ್ಕ. ಉಮಾಪತಿಯ ಒಳಗೆ ಅದು ನಡೆಯಲಿಲ್ಲ, ಕೊರೆಯಿತು. ಊಟ ಸೇರದು. ಸೀಟಿಯನ್ನು ಕೊರಳಿಂದ ತೆಗೆಯದೆ ಮಲಗುತ್ತಿದ್ದ. ಒಂದು ಸಲ ಹಳಿಯ ಮೇಲೆ ಆಡು ನಿಂತಿತ್ತು. ಮೂರು ಸೀಟಿ, ಕೆಂಪು ಬಾವುಟ, ರೈಲು ನಿಂತಿತು, ಆಡು ಮೆಲುಕು ಹಾಕುತ್ತ ಇಳಿದು ಹೋಯಿತು. ಬಸವಂತ ಹೆಮ್ಮೆಯಿಂದ, "ನೋಡ್ರಿ, ಕಣ್ಣಿದ್ದವರಕಿಂತ ಜಲ್ದಿ" ಎಂದ. ಉಮಾಪತಿಗೆ ನಗು ಬರಲಿಲ್ಲ. ಆಡಿನ ಜಾಗದಲ್ಲಿ ಬುಟ್ಟಿ ಹೊತ್ತ ಹೆಂಗಸು, ಗಾಳಿ ಎದುರಿಗೆ, ಸೀಟಿ ಹಿಂದಕ್ಕೆ ಹಾರಿಹೋಗುವುದು, ಇಂಥದ್ದೇ ಚಿತ್ರಗಳು ಬರುತ್ತಿದ್ದವು. ಬಸವಂತನ ಕಣ್ಣಿನ ವಿಷಯ ಮೇಲಿನವರಿಗೆ ತಿಳಿಸಲು ಎರಡು ಸಲ ಅರ್ಜಿ ಬರೆದ. ಎರಡು ಸಲವೂ ಲಕ್ಷ್ಮವ್ವನ ಹೆಸರು ಎಲ್ಲಿಯೂ ಇಲ್ಲದ ಆ ಕಾಗದದಲ್ಲಿ ಅವಳ ಮಂಚವೇ ಕಂಡು ಹರಿದು ಹಾಕಿದ. ಇನ್ನು ಎಂಟೇ ತಿಂಗಳು ಎಂದು ತನಗೆ ತಾನೇ ಹೇಳಿಕೊಂಡ.

ಮೇ ತಿಂಗಳ ಒಂದು ಬೆಳಿಗ್ಗೆ, ಒಂಬತ್ತಕ್ಕೇ ನೆಲ ಕಾದು ಕಣ್ಣು ಬಿಡಲಾಗದಂತಿದ್ದಾಗ, ಯಾರ್ಡಿನ ಫೋರ್‌ಮನ್ ವಾನಖೇಡೆ ಕೂಗಿ ಕರೆದ. ಪಶ್ಚಿಮದ ತೋಳಿನಲ್ಲಿ ಒಂದು ಹಳಿ ಸೀಳು ಬಿಟ್ಟಿದೆ, ಗ್ಯಾಂಗಿನವರು ಬದಲಿಸಿದ್ದಾರೆ, ಸಂಜೆಯವರೆಗೆ ಅದರ ಮೇಲೆ ಹಿಂದಕ್ಕೆ ಬರುವಂತಿಲ್ಲ. ಎಂಜಿನ್ ಮೆಲ್ಲಗೆ ಅದರ ಮೇಲೆ ಮುಂದಕ್ಕೆ ಹೋಗಲಿ, ಹಿಂದಕ್ಕೆ ಬರುವುದು ಪೂರ್ವದ ತೋಳಿನ ಮೇಲೆ ಆಗಲಿ. "ಆಜ್ ಉಲ್ಟಾ" ಎಂದು ಹೇಳಿ ಅವನು ಬೀಡಿ ಹಚ್ಚಿದ.

ಪೂರ್ವದ ತೋಳಿನ ಬದಿಯಲ್ಲಿ ದಿಬ್ಬವಿಲ್ಲ. ಎಪ್ಪತ್ತೆರಡು ಹೆಜ್ಜೆಯಿಲ್ಲ. ಅಲ್ಲಿ ಗಾಲಿಯ ಸಪ್ಪಳ ಯಾರಿಗೂ ಬಾಯಿಪಾಠವಿಲ್ಲ. ಇವತ್ತೊಂದು ದಿನ ಬೇರೆಯವನನ್ನು ನಿಲ್ಲಿಸಿ ಎಂದು ಹೇಳಲು ಉಮಾಪತಿ ಬಾಯಿ ತೆರೆದ. ಯಾಕೆ ಎಂದು ವಾನಖೇಡೆ ಕೇಳುತ್ತಾನೆ. ಕೇಳಿದರೆ ಏನು ಹೇಳಲಿ? ಬಾಯಿ ಮುಚ್ಚಿ ಬಸವಂತನ ಕಡೆ ಓಡಿದ.

"ಅಣ್ಣಾ, ಇವತ್ತು ಆ ಕಡೆ. ಗೋದಾಮಿಗೆ ಬೆನ್ನು ಕೊಟ್ಟು ನೆಟ್ಟಗ ನಡೀರಿ. ಹಳೇ ಸೈಡಿಂಗಿನ ಒಂಟಿ ಹಳಿ ಕಾಲಿಗೆ ಸಿಗತೈತಿ. ಅದನ್ನ ದಾಟಿ ಎರಡು ಹೆಜ್ಜಿಗೆ ನಿಂತುಬಿಡ್ರಿ. ಮುಂದ ಹೋಗಬ್ಯಾಡ್ರಿ, ಮುಂದಿಂದು ಲೈನು."

"ಒಂಟಿ ಹಳಿ ದಾಟಿ ಎರಡು ಹೆಜ್ಜಿ. ತಿಳೀತು ಬಿಡ್ರಿ ಗಾರ್ಡ್‌ಸಾಹೇಬ್ರ."

ಕೈ ಹಿಡಿದು ನಿಲ್ಲಿಸಿ ಬರೋಣವೆಂದರೆ ಎಂಜಿನ್ ಆಗಲೇ ಕೂಗಿತು. ಹಳಿ ಬದಲಿಸುವ ಪಾಯಿಂಟಿನವರು, ಕಲಾಸಿಗಳು ಎಲ್ಲ ನೋಡುತ್ತಿದ್ದರು. ಇಬ್ಬರು ಗಂಡಸರು ಕೈ ಹಿಡಿದು ಯಾರ್ಡು ದಾಟಿದರೆ ಸಂಜೆಗೆ ಊರೆಲ್ಲ ಸುದ್ದಿ. ಉಮಾಪತಿ ತಿರುಗಿ ತಿರುಗಿ ನೋಡುತ್ತ ರೈಲು ಹತ್ತಿದ.

ರೈಲು ಪಶ್ಚಿಮದ ತೋಳಿನ ಮೇಲೆ ತೆವಳಿ ತುದಿ ಮುಟ್ಟಿತು. ಹಳಿ ಬದಲಾಯಿತು. ಉಮಾಪತಿ ಕೊನೆಯ ಡಬ್ಬಿಯ ಮೆಟ್ಟಿಲ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಮುಂದೆ ಬಿಸಿಲ ಝಳಕ್ಕೆ ಹಳಿಗಳು ನಡುಗುತ್ತಿದ್ದವು. ಯಾರೂ ಇಲ್ಲ. ಒಂದು ಉದ್ದ ಸೀಟಿ ಊದಿದ. ಗೋದಾಮಿನಾಚೆ ಎಲ್ಲೋ ಹಸಿರು ಎದ್ದಿರಬೇಕು, ಯಾಕೆಂದರೆ ದೂರದ ಎಂಜಿನ್ ಉಸಿರು ಬಿಟ್ಟಿತು, ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕದಲಿದವು.

ಗೋದಾಮಿನ ಮೂಲೆ ಸರಿಯಿತು. ಆಗ ಬಸವಂತ ಕಂಡ.

ಅವನು ಹಳಿಗಳ ನಡುವೆ ನಿಂತಿದ್ದ. ಪಕ್ಕದಲ್ಲಲ್ಲ, ಹತ್ತಿರದಲ್ಲಲ್ಲ, ರೈಲು ಬರುತ್ತಿದ್ದ ಆ ಎರಡು ಹಳಿಗಳ ನಟ್ಟ ನಡುವೆ, ಕಾಲು ಜೋಡಿಸಿ, ಎದೆ ಸೆಟೆದು, ಹಸಿರು ಬಾವುಟ ಎತ್ತಿ ಹಿಡಿದು. ಉಮಾಪತಿಯ ಕಣ್ಣು ತಾನಾಗಿ ಹಳೇ ಸೈಡಿಂಗಿನ ಕಡೆ ಹೋಯಿತು. ಅಲ್ಲಿ ಒಂಟಿ ಹಳಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಹೊಸದಾಗಿ ಕಿತ್ತ ಉದ್ದನೆಯ ಮಣ್ಣಿನ ಗೆರೆ ಇತ್ತು. ಪಶ್ಚಿಮದ ತೋಳಿಗೆ ಹಾಕಲು ಗ್ಯಾಂಗಿನವರು ಬೆಳಿಗ್ಗೆ ಅದನ್ನೇ ಹೊತ್ತೊಯ್ದಿದ್ದರು. ಬಸವಂತನ ಕಾಲಿಗೆ ಮೊದಲು ಸಿಕ್ಕ ಹಳಿ ಲೈನಿನದು. ಹೇಳಿದಂತೆ ಅದನ್ನು ದಾಟಿ, ಹೇಳಿದಂತೆ ಎರಡು ಹೆಜ್ಜೆಗೆ ನಿಂತಿದ್ದ.

ಉಮಾಪತಿ ಮೂರು ಸೀಟಿ ಊದಿದ. ತುಟಿ ಕಡಿದುಹೋಗುವಷ್ಟು ಜೋರಾಗಿ ಊದಿದ.

ಬಸವಂತ ತಕ್ಷಣ ಹಸಿರು ಇಳಿಸಿ ಕೆಂಪು ಎತ್ತಿದ. ಎತ್ತಿ, ಕಲ್ಲಿನಂತೆ ನಿಂತ. ಕೆಂಪು ತೋರಿಸಿದವನು ರೈಲು ನಿಲ್ಲುವ ತನಕ ಜಾಗ ಬಿಡಬಾರದು. ಮೂವತ್ತು ವರ್ಷ ಅವನು ಬಿಟ್ಟವನಲ್ಲ. ಬರಲಿ ಎನ್ನುವುದಕ್ಕೆ ಒಂದು ಸೀಟಿ ಇತ್ತು, ನಿಲ್ಲಲಿ ಎನ್ನುವುದಕ್ಕೆ ಮೂರಿತ್ತು. ನೀನು ಸರಿದುಹೋಗು ಎನ್ನುವುದಕ್ಕೆ ಅವರ ಕರಾರಿನಲ್ಲಿ ಏನೂ ಇರಲಿಲ್ಲ. ಯಾರಿಗೆ ಹೊಳೆದೀತು ಅದು?

"ಲೈನ್ ಬಿಡ್ರಿ" ಎಂದು ಉಮಾಪತಿ ಕಿರುಚಿದ. "ಲೈನ್ ಬಿಡ್ರಿ, ಹೊರಗ ಹೋಗ್ರಿ."

ಬಸವಂತನಿಗೆ ಕೇಳಿಸಿತು. ಹಳಿಯ ಮೇಲೆ ಯಾರೋ ಇದ್ದಾರೆ ಎಂದೇ ಅವನು ಅರ್ಥ ಮಾಡಿಕೊಂಡ. ಬೂದಿ ಆಯುವ ಯಾವಳೋ ಇರಬೇಕು, ಗಾಬರಿಯಲ್ಲಿ ಉಮಾಪತಿ ಕನ್ನಡದಲ್ಲೇ ಕೂಗುತ್ತಿದ್ದಾನೆ, ಅವಳಿಗೆ ಅದು ತಿಳಿಯುವುದಿಲ್ಲ. ಅವನೂ ಗಂಟಲು ಹರಿಯುವಂತೆ ಹಿಂದಿಯಲ್ಲಿ ಕೂಗತೊಡಗಿದ. "ಹಟೋ ಬಾಯಿ, ಹಟೋ, ಗಾಡಿ ಆತೀ ಹೈ, ಲೈನ್ ಛೋಡೋ." ರೈಲಿನ ಸದ್ದು ತನ್ನ ಕಡೆಗೇ ಬರುತ್ತಿದ್ದುದರಲ್ಲಿ ಅವನಿಗೆ ವಿಶೇಷವಿರಲಿಲ್ಲ. ದಿನಾ ಅದು ಹಾಗೇ ಹತ್ತಿರ ಬಂದು, ಮಗ್ಗುಲಲ್ಲಿ ಬಿಸಿಗಾಳಿ ಎಬ್ಬಿಸಿ ದಾಟುತ್ತಿತ್ತು. ಹಳಿಗಳ ನಡುವೆ ನಿಂತು, ಕೆಂಪು ಬಾವುಟ ಅಲುಗಿಸದೆ, ಅವನು ಕಾಣದ ಆ ಹೆಂಗಸನ್ನು ಉಳಿಸಲು ಕೂಗುತ್ತಲೇ ಇದ್ದ.

ಉಮಾಪತಿ ಮೆಟ್ಟಿಲಿಂದ ಹಾರಿದ. ಬಿದ್ದ, ಎದ್ದ, ರೈಲಿನ ಜೊತೆಗೇ ಓಡಿದ. ಡ್ರೈವರ್ ಕೆಂಪು ಕಂಡಿದ್ದ. ಎಂಜಿನ್ನಿನ ಬ್ರೇಕು ಬಿದ್ದ ಸೆಳೆತ ಒಂದೊಂದೇ ಡಬ್ಬಿ ದಾಟಿ ಬರತೊಡಗಿತು. ಹನ್ನೆರಡು ಡಬ್ಬಿ ಒಂದೇ ಸಲ ನಿಲ್ಲುವುದಿಲ್ಲ. ಕೊನೆಯ ಡಬ್ಬಿ ನರಳುತ್ತ, ಕಿರುಗುಟ್ಟುತ್ತ ಇನ್ನಷ್ಟು, ಇನ್ನಷ್ಟು ಎಂದು ಮುಂದೆ ಬಂದೇ ಬಂತು.

ನಿಂತಿತು. ಬಸವಂತನಿಗೂ ಬಫರಿಗೂ ನಡುವೆ ಒಂದು ಮಾರು ಉಳಿದಿತ್ತು.

ಉಮಾಪತಿ ಏದುಸಿರು ಬಿಡುತ್ತ ಅವನ ಮುಂದೆ ಬಂದು ನಿಂತ. ಬಸವಂತ ಬಾವುಟ ಇಳಿಸಿರಲಿಲ್ಲ.

"ಉಳದಳೇನ್ರಿ?" ಎಂದ. "ಯಾರಿದ್ರು ಲೈನಿನಾಗ?"

ಉಮಾಪತಿ ಬಸವಂತನ ಎಡಗೈ ಹಿಡಿದು ಒಂದು ಹೆಜ್ಜೆ ಮುಂದೆ ತಂದು ಅಂಗೈಯನ್ನು ಬಫರಿನ ಮೇಲೆ ಇಟ್ಟ. ಬಸವಂತ ಮೊದಲು ಸುಮ್ಮನೆ ಮುಟ್ಟಿದ. ಆಮೇಲೆ ಅದರ ದುಂಡನ್ನು ಸವರಿದ. ಮೇಲಿನ ಜಿಡ್ಡು, ಕೆಳಗಿನ ಕೊಕ್ಕೆ, ಪಕ್ಕಕ್ಕೆ ಕೈಚಾಚಿ ಇನ್ನೊಂದು ಬಫರು. ಕಾಲಿನಿಂದ ಎಡದ ಹಳಿ ಮುಟ್ಟಿದ, ಬಲದ ಹಳಿ ಮುಟ್ಟಿದ.

ಅಷ್ಟರಲ್ಲಿ ವಾನಖೇಡೆ ಓಡಿ ಬಂದ, ಹಿಂದೆ ಫೈರ್‌ಮನ್. ದೂರದಿಂದ ಅವರಿಗೆ ಕಂಡದ್ದು ಇಷ್ಟು: ಮುದುಕ ಲೈನಿನ ನಡುವೆ ನಿಂತು, ಯಾರನ್ನೋ ಸರಿಯಲು ಕೂಗುತ್ತ, ಜೀವದ ಹಂಗು ಬಿಟ್ಟು ಕೆಂಪು ಬಾವುಟ ಹಿಡಿದು ರೈಲು ತಡೆದದ್ದು. ವಾನಖೇಡೆ ಅವನ ಬೆನ್ನು ತಟ್ಟಿದ. "ಶಾಬಾಸ್ ಬಸವಂತ್. ಯಾರಿದ್ದರು?" ಎಂದು ಹಿಂದಿಯಲ್ಲಿ ಕೇಳಿದ.

ಬಸವಂತ ಜಿಡ್ಡಾದ ಕೈಯನ್ನು ಧೋತರಕ್ಕೆ ಒರೆಸಿದ.

"ಒಬ್ಬ ಹೆಂಗಸು" ಎಂದ, ಹಿಂದಿಯಲ್ಲೇ. "ಬುಟ್ಟಿ ಹೊತ್ತಿದ್ದಳು. ನೀಲಿ ಸೀರೆ. ಆ ಕಡೆ ಓಡಿಹೋದಳು."

ನೀಲಿ ಸೀರೆ ಎಂಬ ಮಾತು ಕೇಳಿ ಉಮಾಪತಿಗೆ ಬಸವಂತನನ್ನು ಹಳಿಗಳ ನಡುವೆ ಕಂಡಾಗಲೂ ಆಗದ ಭಯವಾಯಿತು. ಬಫರು ಸವರಿದ ಕೈಯ ಜಿಡ್ಡು ಪೂರ್ತಿ ಹೋಗುವ ಮೊದಲೇ ನಾಲಗೆ ಇಲ್ಲದ ಹೆಂಗಸಿಗೆ ಸೀರೆಯ ಬಣ್ಣವನ್ನೂ ಕೊಟ್ಟಿತ್ತು. ನಾಳೆ ಬೆಳಿಗ್ಗೆ ಈ ಮನುಷ್ಯ ಮತ್ತೆ ದಿಬ್ಬ ಹತ್ತುತ್ತಾನೆ. ತಾನು ಮತ್ತೆ ಸೀಟಿ ಊದುತ್ತೇನೆ.

"ನಾನು ಮೇಲಿನವರಿಗೆ ಬರೆಯುತ್ತೇನೆ" ಎನ್ನುತ್ತಿದ್ದ ವಾನಖೇಡೆ. "ಇಂಥ ಕಣ್ಣಿನವನನ್ನು ಈಗಲೇ ಮನೆಗೆ ಕಳಿಸುವುದುಂಟೆ? ಒಂದು ವರ್ಷ ನೌಕರಿ ಮುಂದುವರಿಸಲಿ."

ಬಸವಂತ ಬೇಡ ಎನ್ನಲಿಲ್ಲ. ಮುಖವನ್ನು ಉಮಾಪತಿ ಇದ್ದ ಕಡೆಗೆ, ಅವನಿಗಿಂತ ಒಂದು ಗೇಣು ಆಚೆಗೆ, ತಿರುಗಿಸಿ ಕಾಯ್ದ. ಲಕ್ಷ್ಮವ್ವನ ರೊಟ್ಟಿ, ಮಂಚ, ಹಲ್ಲಿನಿಂದ ಬಿಗಿದ ಗಂಟು ಎಲ್ಲ ಆ ಕಾಯುವಿಕೆಯಲ್ಲಿತ್ತು.

"ಹೆಂಗಸು ಯಾರೂ ಇರಲಿಲ್ಲ ಸಾಹೇಬ್" ಎಂದ ಉಮಾಪತಿ. ತನ್ನ ದನಿ ತನಗೇ ಬೇರೆಯವರದೆನಿಸಿತು. "ಲೈನಿನಲ್ಲಿ ಇದ್ದವರು ಇವರೇ. ಇವರಿಗೆ ಕಣ್ಣು ಕಾಣುವುದಿಲ್ಲ. ನನಗೆ ನಾಲ್ಕು ತಿಂಗಳಿಂದ ಗೊತ್ತು. ಅಲ್ಲಿ ನಿಲ್ಲಿಸಿದವನೂ ನಾನೇ."

ವಾನಖೇಡೆಯ ಕೈ ಬಸವಂತನ ಬೆನ್ನ ಮೇಲಿಂದ ಮೆಲ್ಲಗೆ ಇಳಿಯಿತು. ಅವನು ಬಸವಂತನ ಮುಖದ ಮುಂದೆ ಎರಡು ಬೆರಳು ಆಡಿಸಿದ. ಆ ಕಣ್ಣುಗಳು ಅಲುಗಲಿಲ್ಲ. ಫೈರ್‌ಮನ್ ಬೇರೆ ಕಡೆ ನೋಡಿದ.

"ಎಂಟ ತಿಂಗಳು ಇತ್ತು" ಎಂದ ಬಸವಂತ, ಕನ್ನಡದಲ್ಲಿ, ಬರೀ ಉಮಾಪತಿಗೆ. "ನಿಮ್ಮ ಸೀಟಿ ಸಾಕಾಗ್ತಿತ್ತು ಗಾರ್ಡ್‌ಸಾಹೇಬ್ರ."

"ಅಣ್ಣಾ, ನಮ್ಮ ಮನ್ಯಾಗ ಖೋಲಿ ಐತಿ. ಲಕ್ಷ್ಮವ್ವ ವೈನೀನ್ನ ಕರಕೊಂಡು..." ಎನ್ನುತ್ತ ಉಮಾಪತಿ ಅವನ ಮೊಣಕೈ ಹಿಡಿಯಹೋದ.

ಬಸವಂತ ಕೈ ಬಿಡಿಸಿಕೊಂಡ. ಬಾವುಟಗಳನ್ನು ಸುತ್ತಿ, ಕೋಲಿನ ದಾರವನ್ನು ಬೆರಳಿನಿಂದ ಹುಡುಕಿ ಎರಡನ್ನೂ ಸರಿಯಾಗಿ ಬೇರ್ಪಡಿಸಿ ವಾನಖೇಡೆ ಇದ್ದ ಕಡೆ ಚಾಚಿದ. ಆಮೇಲೆ ತಾನಾಗಿ ನಡೆಯತೊಡಗಿದ. ಬಲದ ಹಳಿ ದಾಟಿದ. ಐದು ಹೆಜ್ಜೆ ಇಟ್ಟ, ನಿಂತ, ತುಸು ಎಡಕ್ಕೆ ತಿರುಗಿದ, ಮತ್ತೆ ನಿಂತ. ಆ ಬಯಲಿನಲ್ಲಿ ಅವನು ಎಣಿಸಿಟ್ಟ ಹೆಜ್ಜೆಗಳೇ ಇರಲಿಲ್ಲ. ಉಮಾಪತಿ ಅವನ ಹಿಂದೆ ಎರಡು ಹೆಜ್ಜೆ ಹೋದ. ಸಪ್ಪಳ ಗುರುತಿಸಿ ಬಸವಂತ ಕೈ ಎತ್ತಿ ತಡೆದ.

"ವಾನಖೇಡೆ ಸಾಹೇಬ್" ಎಂದು ಹಿಂದಿಯಲ್ಲಿ ಕರೆದ. "ಯಾರನ್ನಾದರೂ ಜೊತೆಗೆ ಕೊಡಿ. ನನಗೆ ಮನೆಯ ದಾರಿ ಕಾಣುವುದಿಲ್ಲ."

ಫೈರ್‌ಮನ್ ಹೋಗಿ ಅವನ ಕೈ ಹಿಡಿದ. ಇಬ್ಬರೂ ಕ್ವಾರ್ಟರ್ಸಿನ ಕಡೆ ಸಣ್ಣಗಾಗುವ ತನಕ ಉಮಾಪತಿ ನೋಡುತ್ತ ನಿಂತ. ರೈಲು ಅರ್ಧ ತಿರುಗಿ ತ್ರಿಕೋನದಲ್ಲೇ ನಿಂತಿತ್ತು. ಹನ್ನೊಂದೂವರೆಗೆ ಅದು ಪ್ಲಾಟ್‌ಫಾರ್ಮಿಗೆ ಹೋಗಬೇಕು. ವಾನಖೇಡೆ ಬಸವಂತ ಕೊಟ್ಟ ಬಾವುಟಗಳನ್ನು ಹಿಡಿದು ಲೈನಿನಾಚೆ ಹೋಗಿ ತಾನೇ ನಿಂತ. ಉಮಾಪತಿ ಕೊನೆಯ ಡಬ್ಬಿಯ ಮೆಟ್ಟಿಲು ಹತ್ತಿ, ಹಳಿಯನ್ನು ಒಮ್ಮೆ ನೋಡಿ, ಹಸಿರು ತೋರಿಸಿದ.